ಹಲಗೆ ಬಾರಿಸಿ ಕೊಟ್ಟ ಹಾಲು

ಕಣ್ಣಿನ ಪೊರೆ ತೋರಿಸಲು ಭಾಲ್ಕಿಯಿಂದ ಬೀದರಿಗೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಔಷಧಿ ಹಾಕಿ, ಪಾಪೆ ಅಗಲವಾಗುವವರೆಗೆ ಹೊರಗೆ ಕೂತಿರಲು ಹೇಳಿದರು. ದವಾಖಾನೆಯ ಪಕ್ಕ ಒಂದು ಹಾಲಿನ ಅಂಗಡಿ. ಒಳಗೆ ಯಾರೋ ನೆನೆಸಿದ ಬಾದಾಮಿಯನ್ನು ಗಸಗಸೆಯೊಡನೆ ಅರೆಯುತ್ತಿದ್ದರು. ಮಿಕ್ಸರಿನ ಸದ್ದು ನಿಂತ ಮೇಲೆ ವಾಸನೆ ಬಂತು. ಮೊದಲು ಹಸಿ ಬಾದಾಮಿಯ ಸಿಪ್ಪೆಯದು, ಅದರ ಹಿಂದೆ ಎಮ್ಮೆ ಹಾಲಿನದು.

ಎದುರಿನ ಗೋಡೆಯ ಮೇಲೆ ಒಂದು ಖಾಸಗಿ ಕಾಲೇಜಿನ ಜಾಹೀರಾತು ಬರೆದಿತ್ತು. ಔಷಧಿ ಹಾಕಿದ ಕಣ್ಣಿಗೆ ದೊಡ್ಡ ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಉಳಿದದ್ದನ್ನು ನನ್ನ ತಮ್ಮನ ಮಗ ಓದಿ ಹೇಳಿದ. ಫುಟ್‌ಬಾಲ್ ಆಡುವವರಿಗೆ ಫೀಸು ಇಲ್ಲ, ಊಟ ವಸತಿ ಪುಕ್ಕಟೆ, ತಿಂಗಳಿಗೆ ಇಷ್ಟು ಎಂದು ಭತ್ಯೆ. ದೊಡ್ಡ ಅಕ್ಷರದಲ್ಲಿ ಇದ್ದದ್ದು ಹಣ ಕೊಡುವವರ ಹೆಸರು: ಒಂದು ಸಿಮೆಂಟಿನ ಅಂಗಡಿ, ಒಂದು ಬೇಳೆ ಮಿಲ್ಲು.

"ಆಟಗಾರರ ಹೆಸರು ಅದಾವೇನು?" ಎಂದು ಕೇಳಿದೆ.

"ಇಲ್ಲರಿ ದೊಡ್ಡಪ್ಪ. ಕೊಡೋರ ಹೆಸರಷ್ಟೇ ಅದಾವ."

ಇವನೇ ದಿನಾ ಬೆಳಿಗ್ಗೆ ನನಗೆ ಪತ್ರಿಕೆ ಓದಿ ಹೇಳುವವನು. ಅಮೆರಿಕದಲ್ಲಿ ಕಾಲೇಜಿಗಾಗಿ ಫುಟ್‌ಬಾಲ್ ಆಡುವವರಿಗೆ ಈಗ ಕಾಲೇಜೇ ಹಣ ಕೊಡಬಹುದಂತೆ, ಅದಕ್ಕಾಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ವಾದ ನಡೆಯಿತಂತೆ ಎಂದು ಓದಿದ್ದ. ಅವರ ಫುಟ್‌ಬಾಲು ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ ಎಂದೂ ಹೇಳಿದ್ದ. ಆಗ ನನಗೆ ಏನೂ ಅನಿಸಿರಲಿಲ್ಲ. ಪತ್ರಿಕೆಯ ಮೇಜಿನ ಮುಂದೆ ಆಯುಷ್ಯ ಕಳೆದವನಿಗೆ ಅದು ಒಳಪುಟದಲ್ಲಿ ಒಂದು ಕಾಲಮ್ಮಿನ ಸುದ್ದಿ. ಬಾದಾಮಿಯ ವಾಸನೆ ಬಂದ ಮೇಲೆ ನನಗೆ ದಾನಪ್ಪ ನೆನಪಾದ.

ಅದು ಬೀದರ ಜಿಲ್ಲೆ ಹೈದರಾಬಾದ ಬಿಟ್ಟು ಮೈಸೂರು ರಾಜ್ಯ ಸೇರಿದ ವರ್ಷ. ನಾನು ಬೀದರಿನ ಕಾಲೇಜಿನಲ್ಲಿ ಇಂಟರ್ ಎರಡನೆಯ ವರ್ಷದಲ್ಲಿದ್ದೆ, ತಂಡದಲ್ಲಿ ಹಾಫ್ ಬ್ಯಾಕ್. ದಾನಪ್ಪ ನನ್ನ ಮುಂದೆ ಎಡಗಡೆ ಆಡುತ್ತಿದ್ದ. ಕಾಲೇಜಿನ ಹಾಜರಿಯಲ್ಲಿ ಅವನು ಡ್ಯಾನಿಯಲ್. ಊರು ಔರಾದ ತಾಲೂಕಿನ ಡಾಬಕಾ, ಅಲ್ಲಿ ದಾನಪ್ಪ. ಅವನ ತಂದೆಯ ಕಾಲಕ್ಕೆ ಮನೆಯವರು ಕ್ರೈಸ್ತರಾಗಿದ್ದರು. ತಾಯಿ ಹೊಲದ ಕೂಲಿ ಮಾಡುತ್ತಿದ್ದಳು. ಮಿಷನ್ನಿನವರ ಹಾಸ್ಟೆಲಿನಲ್ಲಿ ಅವನಿಗೆ ಇಂಟರ್ ಮುಗಿಯುವವರೆಗೆ ಜಾಗವಿತ್ತು. ಅದು ಮುಗಿದರೆ ಹಾಸ್ಟೆಲೂ ಮುಗಿಯಿತು, ಓದೂ ಮುಗಿಯಿತು. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೈದಾನ ಕೋಟೆಯ ಕಂದಕದ ಕಡೆಗಿತ್ತು. ಕೆಂಪು ಮುರುಮಿನ ನೆಲ. ಮಳೆಗಾಲದಲ್ಲಿ ನೀರು ನಿಲ್ಲುತ್ತಿರಲಿಲ್ಲ, ಆದರೆ ಬಿದ್ದವನ ಮೊಣಕಾಲಿಗೆ ಮಣ್ಣು ಹತ್ತಿ ವಾರಗಟ್ಟಲೆ ಹೋಗುತ್ತಿರಲಿಲ್ಲ. ಬೂಟು ಇದ್ದವರು ಕಡಿಮೆ. ಕಾಲಿಗೆ ಹಳೇ ಧೋತರದ ಪಟ್ಟಿ ಸುತ್ತಿ ಆಡುತ್ತಿದ್ದೆವು. ಚೆಂಡಿನ ಚರ್ಮ ಒಣಗಬಾರದೆಂದು ಡ್ರಿಲ್ ಮಾಸ್ತರ ಖಾಸಿಂ ಸಾಹೇಬರು ಕುರಿಯ ಕೊಬ್ಬು ತಿಕ್ಕಿಸುತ್ತಿದ್ದರು. ಖಾಸಿಂ ಮಾಸ್ತರರು ಹೈದರಾಬಾದಿನಲ್ಲಿ ಆಡಿದವರು. ಅಲ್ಲಿ ಒಳ್ಳೆಯ ಆಟಗಾರನಿಗೆ ಪೊಲೀಸಿನಲ್ಲೋ ಮಿಲ್ಲಿನಲ್ಲೋ ನೌಕರಿ ಸಿಗುತ್ತಿತ್ತು. ನೌಕರಿ ಎಂದರೆ ಆಟವೇ. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ.

ಕಾಲೇಜಿಗೆ ಆಟದ ಹೆಸರಿನಲ್ಲಿ ಸರ್ಕಾರದಿಂದ ಬರುತ್ತಿದ್ದದ್ದು ಚೆಂಡಿಗೂ ಸಾಲುತ್ತಿರಲಿಲ್ಲ. ಉಳಿದದ್ದು ಗಂಜಿನ, ಎಂದರೆ ಕಾಳಿನ ಪೇಟೆಯ, ವ್ಯಾಪಾರಿಗಳದು. ಅವರಲ್ಲಿ ಮುಖ್ಯರು ವೀರಶೆಟ್ಟಿ ಸಾವಕಾರರು. ತೊಗರಿ, ಹೆಸರಿನ ವ್ಯಾಪಾರ. ಉದಗೀರ ಕಡೆಯಿಂದ ಕಾಳು ಕೊಂಡು ಹೈದರಾಬಾದಿಗೆ ಕಳಿಸುತ್ತಿದ್ದರು. ಅವರಿಗೆ ಹುಚ್ಚು ಇದ್ದದ್ದು ಕುಸ್ತಿಯದು. ಸ್ವಂತದ ಒಬ್ಬ ಪೈಲ್ವಾನನನ್ನು ಸಾಕಿದ್ದರು. ಅವನು ಮೊಣಕಾಲು ಮುರಿದುಕೊಂಡು ಊರಿಗೆ ಹೋದ ಮೇಲೆ ಸಂಜೆ ಹೊತ್ತು ಹೋಗದೆ ಮೈದಾನಕ್ಕೆ ಬಂದು ಕೂರಲು ಶುರು ಮಾಡಿದರು. ಗಾಡಿಯ ಮೇಲೆ ಗಾದಿ ಹಾಕಿಸಿ ಅದರ ಮೇಲೆ ಕೂರುತ್ತಿದ್ದರು. ಫುಟ್‌ಬಾಲಿನ ನಿಯಮ ಒಂದೂ ಗೊತ್ತಿರಲಿಲ್ಲ.

ಹೆಸರುಕಾಳಿನ ರಾಶಿಯ ಕಾಲದಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಸಂಜೆ, ದಾನಪ್ಪ ಪೊಲೀಸರ ತಂಡದ ಮೂವರನ್ನು ದಾಟಿ ಗೋಲು ಹೊಡೆದ. ಸಾವಕಾರರು ಗಾದಿಯಿಂದ ಇಳಿದು ಬಂದರು.

"ಮಾಸ್ತರ, ಈ ಹುಡುಗ ಯಾರ ಖುರಾಕಿ ಮ್ಯಾಲ ಅದಾನರಿ?"

ಖುರಾಕಿ ಎಂದರೆ ಪೈಲ್ವಾನನಿಗೆ ಅವನ ಧಣಿ ಕೊಡುವ ಮೇವು: ಹಾಲು, ತುಪ್ಪ, ಬಾದಾಮಿ.

"ಯಾರ್ದೂ ಇಲ್ಲ ಸಾವಕಾರ," ಎಂದರು ಮಾಸ್ತರರು. "ಹಾಸ್ಟೆಲಿನ ಎರಡು ರೊಟ್ಟಿ ಮ್ಯಾಲ ಅದಾನ."

"ಎರಡ ರೊಟ್ಟಿ ಮ್ಯಾಲ ಇಷ್ಟು ಓಡ್ತಾನ?" ಸಾವಕಾರರು ದಾನಪ್ಪನ ತೊಡೆಯನ್ನು ದೂರದಿಂದಲೇ ನೋಡಿದರು, ಎತ್ತು ನೋಡುವ ಹಾಗೆ. "ನಾಳಿಂದ ನಮ್ಮ ಖುರಾಕಿ. ಒಂದು ಎಮ್ಮಿ ಕಟ್ಟಸ್ತೇನಿ."

ಗೋದಾಮಿನ ಹಿಂದೆ ತಗಡಿನ ಕೊಟ್ಟಿಗೆಯಲ್ಲಿ ಎಮ್ಮೆ ಬಂದು ನಿಂತಿತು. ದಾನಪ್ಪ ಬೆಳಿಗ್ಗೆ ಹೋಗಿ ತಾನೇ ಹಿಂಡಿಕೊಳ್ಳಬೇಕು. ಬಾದಾಮಿ ಒಂದು ಚೀಲದಲ್ಲಿ ಕಟ್ಟಿ ಇಟ್ಟಿರುತ್ತಿದ್ದರು. ಅರೆಯಲು ಒಂದು ಕಲ್ಲು ಅಲ್ಲೇ ಇತ್ತು. ಕೊಟ್ಟಿಗೆಯ ಗೋಡೆಗೆ ಒಂದು ಮೊಳೆ, ಅದಕ್ಕೆ ದಾನಪ್ಪನ ಹಿತ್ತಾಳೆಯ ಲೋಟ. ಗೋದಾಮಿನ ಒಳಗೆ ಹಮಾಲರ ಲೋಟಗಳು ಬೇರೆ ಇದ್ದವು. ದಾನಪ್ಪ ಒಳಗೆ ಹೋಗುತ್ತಿರಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ.

ನನ್ನ ಕೋಣೆ ಅದೇ ಓಣಿಯಲ್ಲಿತ್ತು. ನಾನು ಪುಸ್ತಕ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದೆ. ಅವನು ಬಾದಾಮಿ ಅರೆಯುತ್ತಿದ್ದ, ನಾನು ಲಾಜಿಕ್ಕಿನ ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಅವನಿಗೂ ಅದೇ ಓದು. ಕಲ್ಲಿಗೆ ಅಂಟಿದ್ದನ್ನು ಬೆರಳಿನಿಂದ ಬಳಿದು ನನಗೆ ಕೊಡುತ್ತಿದ್ದ.

"ಭಾಲ್ಕಿ," ಅನ್ನುತ್ತಿದ್ದ ನನಗೆ, ನನ್ನ ಊರಿನ ಹೆಸರು ಹಿಡಿದು, "ನೀನೂ ತಿನ್ನು. ಇಲ್ಲಂದ್ರ ಹಿಂದಿಂದ ಚೆಂಡು ಕೊಡ್ಲಿಕ್ಕೆ ನಿನಗ ದಮ್ಮ ಇರಂಗಿಲ್ಲ."

ಒಂದೆರಡು ತಿಂಗಳಲ್ಲಿ ಅವನ ಕತ್ತು ತುಂಬಿಕೊಂಡಿತು. ಆಟದ ಕೊನೆಯ ಭಾಗದಲ್ಲಿ ಎಲ್ಲರೂ ಬಾಯಿ ತೆರೆದು ನಿಂತಾಗ ಅವನು ಓಡುತ್ತಿದ್ದ. ಬೇರೆ ವ್ಯಾಪಾರಿಗಳೂ ಒಬ್ಬೊಬ್ಬ ಆಟಗಾರನನ್ನು ಹಿಡಿದರು. ಬೆಲ್ಲದ ವ್ಯಾಪಾರಿ ಗೋಲು ಕಾಯುವ ಗೋಲಿಗೆ ತುಪ್ಪ ಕಳಿಸಿದ. ಬಟ್ಟೆ ಅಂಗಡಿಯವನು ಬಲಗಡೆಯ ಬ್ಯಾಕಿಗೆ ಬೂಟು ಕೊಡಿಸಿದ. ನನಗೆ ಯಾರೂ ಏನೂ ಕೊಡಲಿಲ್ಲ. ನನ್ನ ಆಟ ಅಷ್ಟರದೇ.

ಸೆಪ್ಟೆಂಬರಿನ ಮಳೆ ಹೋಗಿ ತೊಗರಿ ಹೂ ಬಿಡುವ ಹೊತ್ತಿಗೆ ಕಾಲೇಜಿನಲ್ಲಿ ಮಾತೆಲ್ಲ ರಾಜ್ಯಗಳದ್ದೇ. ನವೆಂಬರ್ ಒಂದರಂದು ಪ್ರಿನ್ಸಿಪಾಲರು ಬಾವುಟ ಏರಿಸಿ ಭಾಷಣ ಮಾಡಿದರು, ಪೇಢೆ ಹಂಚಿದರು. ಜಿಲ್ಲೆ ಮೂರು ಪಾಲಾಗಿತ್ತು. ನಮ್ಮ ಗೋಲಿ ಉದಗೀರದವನು, ಅವನ ಊರು ಮುಂಬಯಿ ರಾಜ್ಯಕ್ಕೆ ಹೋಯಿತು. ಬಲಗಡೆಯ ಬ್ಯಾಕು ಜಹೀರಾಬಾದಿನವನು, ಅವನದು ಆಂಧ್ರಕ್ಕೆ. ಭಾಲ್ಕಿ, ಔರಾದ ಮೈಸೂರಿಗೆ. ಮರುದಿನ ಮೈದಾನದಲ್ಲಿ ದಾನಪ್ಪ ಗೋಲಿಗೆ, "ಏ ಪರದೇಶಿ, ಚೆಂಡು ಹಿಡಿಯಪ" ಎಂದು ಕೂಗಿದ. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಅವರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಇನ್ನು ಮುಂದೆ ಬರೆಯಬೇಕಾಗುತ್ತದೆ ಎಂದು ಯಾರೋ ಹೇಳಿದ್ದರು.

ನಮ್ಮ ಕಾಲೇಜು ಹೈದರಾಬಾದಿನ ಕೈ ಬಿಟ್ಟು ಧಾರವಾಡದ ಕೈಗೆ ಹೋಗುವುದೆಂದು ಗೊತ್ತಾಯಿತು. ಚಳಿಗಾಲದಲ್ಲಿ ಇನ್ನೊಂದು ಸುದ್ದಿ ಬಂತು. ಧಾರವಾಡದಿಂದ ಒಬ್ಬ ಅಧಿಕಾರಿ ಬಂದು, ಬೀದರಿನಲ್ಲಿ ಒಂದು ಪಂದ್ಯ ನೋಡಿ, ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆ. ಆಯ್ಕೆಯಾದವನಿಗೆ ಅಲ್ಲಿ ಬಿ.ಎ. ಓದಲು ಫೀಸು ಮಾಫಿ, ಹಾಸ್ಟೆಲು ಪುಕ್ಕಟೆ. ಮಾಸ್ತರರು ಇದನ್ನು ಕೊಟ್ಟಿಗೆಗೆ ಬಂದು ದಾನಪ್ಪನಿಗೆ ಹೇಳಿದರು. ಅವನು ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಎಷ್ಟು ಮಂದಿ ಆರಸ್ತಾರಂತ್ರಿ?"

"ಒಬ್ಬ ಆರಿಸಿದ್ರೂ ನೀನೇ. ಖಾನಾ, ಸೋನಾ, ಪಢ್ನಾ, ಎಲ್ಲಾ ಅಲ್ಲೇ."

ಮಾಸ್ತರರು ಹೊರಗೆ ಬಂದು ಗೋದಾಮಿನ ಮುಂಬಾಗಿಲಿಗೆ ಹೋದರು. ನಾನೂ ಹಿಂದೆ ಹೋದೆ. ಸಾವಕಾರರು ತಕ್ಕಡಿಯ ಪಕ್ಕ ಕೂತಿದ್ದರು. ಧಾರವಾಡದವರು ಬಹಳ ಕಟ್ಟುನಿಟ್ಟು ಎಂದು ಕೇಳಿದ್ದೇನೆ, ಪಂದ್ಯದ ದಿನ ಹಲಗೆ ಬಾರಿಸುವುದು ಬೇಡ ಎಂದು ಮಾಸ್ತರರು ಹೇಳಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಕುಸ್ತಿಯ ಕಣದಲ್ಲಿ ಜೋಡಿ ಇಳಿಯುವ ಮುಂಚೆ ಒಬ್ಬ ಹಲಗೆ, ಎಂದರೆ ಚರ್ಮದ ತಮಟೆ, ಬಾರಿಸುತ್ತ ಸುತ್ತು ಬರುತ್ತಾನೆ. ಈ ಪೈಲ್ವಾನ ಇಂಥ ಊರಿನವನು, ಇಂಥವರ ಖುರಾಕಿ ಉಂಡವನು ಎಂದು ಕೂಗಿ ಹೇಳುತ್ತಾನೆ. ಸಾವಕಾರರು ಈ ಪದ್ಧತಿಯನ್ನು ಫುಟ್‌ಬಾಲಿಗೂ ತರಬೇಕೆಂದಿದ್ದರು. ಲಾಡಲೇಸಾಬ ಎಂಬ ಮುದುಕ ಅವರ ಕೂಗುವವ. ದೊಡ್ಡ ಪಂದ್ಯವಿದ್ದಾಗ ಕೂಗುವುದು ಎಂದು ಮಾತಾಗಿತ್ತು. ಅಂಥ ದೊಡ್ಡ ಪಂದ್ಯ ಅಲ್ಲಿಯವರೆಗೆ ಬಂದಿರಲಿಲ್ಲ.

"ಮಾಸ್ತರ," ಎಂದರು ಸಾವಕಾರರು, "ಕೊಟ್ಟು ಹೆಸರು ಹೇಳಿಸಲಿಲ್ಲಂದ್ರ ಅದು ಭಿಕ್ಷಾ ಆಗ್ತದ. ಹಲಗಿ ಬಡಿಸಿ ಹೇಳಿಸಿದ್ರ ಖುರಾಕಿ. ಆ ಹುಡುಗ ನನ್ನ ಬಾಗಲಿಗೆ ಭಿಕ್ಷಾಕ್ಕ ಬಂದಿಲ್ಲ. ನಾನೇ ಕರದು ಕೊಟ್ಟೇನಿ."

"ಹೌದು ಸಾವಕಾರ. ಒಂದು ದಿನ ಸುಮ್ಮನಿದ್ರ ಏನಾಗ್ತದ?"

"ಅಂವ ಕಳ್ಳತನದಿಂದ ಕುಡದಂಗ ಆಗ್ತದ."

ನಿಯಮ ಏನೆಂದು ಮಾಸ್ತರರಿಗೂ ಸರಿಯಾಗಿ ಗೊತ್ತಿರಲಿಲ್ಲ, ಬರೀ ಅನುಮಾನವಿತ್ತು. ಸಾವಕಾರರು ತಕ್ಕಡಿಯ ಕಡೆ ತಿರುಗಿದರು. ಮಾತು ಅಲ್ಲಿಗೆ ಮುಗಿಯಿತು.

ಪಂದ್ಯದ ದಿನ ಬಿಸಿಲು ಹಿತವಾಗಿತ್ತು. ಕಲಬುರ್ಗಿಯ ಒಂದು ಕಾಲೇಜಿನ ತಂಡ ಬಂದಿತ್ತು. ಗಂಜು ಅರ್ಧ ದಿನ ಮುಚ್ಚಿತ್ತು. ಧಾರವಾಡದ ಅಧಿಕಾರಿ ಬಿಳಿ ಪ್ಯಾಂಟು ಹಾಕಿದ, ಮೃದುವಾಗಿ ಮಾತಾಡುವ ಮನುಷ್ಯ. ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಕುರ್ಚಿಯಲ್ಲಿ ಸಾವಕಾರರು ಜರಿ ರುಮಾಲು ಸುತ್ತಿ ಕೂತಿದ್ದರು. ನಾವು ಅವರ ಮುಂದೆಯೇ ನೆಲದ ಮೇಲೆ ಕೂತು ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದೆವು.

ಲಾಡಲೇಸಾಬ ಹಲಗೆ ಕಾಯಿಸಿಕೊಂಡು ಬಂದ. ಮೈದಾನದ ನಾಲ್ಕೂ ಮೂಲೆಗೆ ನಿಂತು ಬಾರಿಸಿದ.

"ಕೇಳ್ರಪ್ಪೋ ಕೇಳ್ರಿ. ಡಾಬಕಾದ ದಾನಪ್ಪ. ಗಂಜಿನ ವೀರಶೆಟ್ಟಿ ಸಾವಕಾರರ ಖುರಾಕಿ ಉಂಡಾನ. ದಿನಾ ಎಮ್ಮಿ ಹಾಲು, ದಿನಾ ಬಾದಾಮಿ. ಎಡಗಾಲಿನ ಹುಲಿ ಅದಾನ. ಅಡ್ಡ ಬರೋರು ಮನ್ಯಾಗ ಹೇಳಿ ಬರ್ರಿ."

ಜನ ಸಿಳ್ಳೆ ಹಾಕಿದರು. "ಏ ಲಾಡಲ್ಯಾ, ಅಂವ ಓಡ್ತಾನೋ ಎಮ್ಮಿ ಓಡ್ತದೋ?" ಎಂದು ಯಾರೋ ಕೂಗಿದರು. ದಾನಪ್ಪ ತಲೆ ತಗ್ಗಿಸಿ ಪಟ್ಟಿಯ ಗಂಟು ಬಿಗಿಯುತ್ತಿದ್ದ. ಅದನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದ.

ಅಧಿಕಾರಿ ನಗುತ್ತಲೇ ಸಾವಕಾರರ ಕಡೆ ಬಾಗಿದರು.

"ಏನ್ರೀ ಸಾಹುಕಾರ್ರ, ಇದು ಏನು ಕೂಗಾಕತ್ತಾನ ಈ ಮನಿಷ್ಯಾ?"

ಸಾವಕಾರರು ಹೇಳಿದರು. ಎಮ್ಮೆ ಯಾವ ತಳಿ, ಎಷ್ಟು ಹಾಲು, ಬಾದಾಮಿ ಎಲ್ಲಿಂದ ತರಿಸುತ್ತೇನೆ, ಎಲ್ಲವನ್ನೂ. ಕೇಳದ್ದನ್ನೂ ಹೇಳಿದರು. ಬೇರೆ ವ್ಯಾಪಾರಿಗಳು ತುಪ್ಪ, ಬೂಟಿಗೆ ನಿಂತಿದ್ದಾರೆ, ಪೂರ್ತಿ ಎಮ್ಮೆ ಕಟ್ಟಿದವನು ನಾನೊಬ್ಬನೇ ಎಂದರು. ಅಧಿಕಾರಿಯ ಮುಖದ ನಗು ಹೋಗಲಿಲ್ಲ, ಆದರೆ ಅದು ಅಲ್ಲಿಯೇ ನಿಂತುಬಿಟ್ಟಿತು. ಮಾಸ್ತರರು ಸೀಟಿ ಬಾಯಲ್ಲಿಟ್ಟುಕೊಂಡು ಕೋಟೆಯ ಗೋಡೆ ನೋಡುತ್ತಿದ್ದರು.

ಆಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾವು ಗೆದ್ದೆವು. ದಾನಪ್ಪನ ಎರಡು ಗೋಲುಗಳಲ್ಲಿ ಒಂದಕ್ಕೆ ಚೆಂಡು ಕೊಟ್ಟವನು ನಾನು. ಅವನು ಅದನ್ನು ನಿಲ್ಲಿಸದೆ ತಿರುಗಿ ಹೊಡೆದ. ಅಂಥ ಹೊಡೆತವನ್ನು ಮತ್ತೆ ನಾನು ನೋಡಿದ್ದು ಹಲವು ವರ್ಷಗಳ ನಂತರ, ದೊಡ್ಡ ಊರಿನ ದೊಡ್ಡ ಮೈದಾನದಲ್ಲಿ, ಪತ್ರಕರ್ತರ ಸಾಲಿನಲ್ಲಿ ಕೂತು. ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ಕಾಲೇಜಿನ ವರಾಂಡಕ್ಕೆ ಕರೆದರು. ಪ್ರಿನ್ಸಿಪಾಲರು, ಮಾಸ್ತರರು, ಸಾವಕಾರರು, ದಾನಪ್ಪ. ನಾವು ಉಳಿದವರು ಮೆಟ್ಟಿಲ ಕೆಳಗೆ ನಿಂತಿದ್ದೆವು. ಅಧಿಕಾರಿ ಏನನ್ನೂ ಮುಚ್ಚಿಡಲಿಲ್ಲ.

"ಈ ಹುಡುಗನ್ನ ನಾ ಎಲ್ಲಾರಕಿಂತ ಮೊದಲ ಆರಿಸೀನಿ. ಆದ್ರ ಒಂದು ನಿಯಮ ಐತಿ. ಆಟಕ್ಕಂತ ಹೊರಗಿನವರ ಕಡಿಂದ ರೊಕ್ಕ ಆಗ್ಲಿ, ವಸ್ತು ಆಗ್ಲಿ ತಗೊಂಡವ ವಿದ್ಯಾರ್ಥಿ ಆಟಗಾರ ಅಲ್ಲ. ಆಮ್ಯಾಲ ಯಾರರ ತಕರಾರು ತಗದ್ರ ಇಡೀ ತಂಡ ಹೊರಗ ಹೋಗತೈತಿ."

"ನೀವು ಫೀಸು ಮಾಫಿ ಮಾಡ್ತೀರಿ, ಊಟ ಹಾಕ್ತೀರಿ," ಎಂದರು ಸಾವಕಾರರು. "ಅದೇನ್ರಿ ಹಂಗಾದ್ರ?"

"ಅದು ವಿದ್ಯಾರ್ಥಿ ವೇತನ್ರೀ."

"ನೀವು ಕೊಟ್ರ ವೇತನ, ನಾ ಕೊಟ್ರ ಪಗಾರ."

ಅಧಿಕಾರಿ ಕೆಟ್ಟ ಮನುಷ್ಯರಲ್ಲ. ದಾರಿ ಹುಡುಕುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು:

"ಈ ಹುಡುಗ ನಿಮ್ಮ ಸಂಬಂಧಿಕನೇನ್ರೀ? ಮನಿ ಹುಡುಗ ಅಂತ ನೀವಂದ್ರ ಸಾಕು. ಮನಿ ಹುಡುಗಗ ಹಾಲು ಹಾಕಿದ್ರ ಯಾವ ನಿಯಮಾನೂ ಅಡ್ಡ ಬರೂದಿಲ್ಲ. ನಾ ಅಷ್ಟ ಬರಕೋತೀನಿ."

ಅವರು ದೂರದ ಊರಿನಿಂದ ಬಂದವರು. ಯಾರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಯಾರೋ ಮೂಗಿನಲ್ಲಿ ನಕ್ಕರು. ಪ್ರಿನ್ಸಿಪಾಲರು ಕನ್ನಡಕ ಒರೆಸಿದರು. ಸಾವಕಾರರ ಬಾಯಿ ತೆರೆಯಿತು. ರುಮಾಲಿನ ಜರಿಯ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಬಾಯಿ ಹಾಗೆಯೇ ಮುಚ್ಚಿತು. ದಾನಪ್ಪ ನೆಲ ನೋಡುತ್ತಿದ್ದ. ಅವನ ಕಾಲಿನ ಪಟ್ಟಿಯಲ್ಲಿ ರಕ್ತ ಕಾಣುತ್ತಿತ್ತು.

ಅಧಿಕಾರಿಗೆ ಏನೋ ತಿಳಿದಿರಬೇಕು. ಸಾವಕಾರರನ್ನು ಮತ್ತೆ ಕೇಳಲಿಲ್ಲ. ದಾನಪ್ಪನ ಕಡೆ ತಿರುಗಿದರು.

"ತಮ್ಮಾ, ಹಲಗಿಯವ ಏನರ ಕೂಗ್ಲಿ. ಜಾತ್ರ್ಯಾಗ ಕೂಗಿದಂಗ ಅದು. ನೀ ಹೇಳು. ನೀ ಏನೂ ತಗೊಂಡಿಲ್ಲ ಅಂದ್ರ ನಾ ನಿನ್ನ ಮಾತು ಹಿಡಿತೀನಿ. ತಗೊಂಡೀಯೇನು?"

ಮಾಸ್ತರರು ಅವನ ಹಿಂದೆ ನಿಂತು, "ನಹೀ ಬೋಲ್ ಬೇಟಾ" ಎಂದು ಪಿಸುಗುಟ್ಟಿದ್ದು ನಮಗೆಲ್ಲ ಕೇಳಿಸಿತು. ಅಧಿಕಾರಿಗೂ ಕೇಳಿಸಿರಬೇಕು. ಅವರು ಕೇಳಿಸದವರಂತೆ ಕಾದರು.

ದಾನಪ್ಪ ತಲೆ ಎತ್ತಿದ. ಸಾವಕಾರರನ್ನು ನೋಡಿದ, ಆಮೇಲೆ ಮೈದಾನದ ಅಂಚಿನಲ್ಲಿ ಹಲಗೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬೀಡಿ ಸೇದುತ್ತಿದ್ದ ಲಾಡಲೇಸಾಬನನ್ನು ನೋಡಿದ.

"ಉಂಡೇನ್ರಿ," ಎಂದ. "ದಿನಾ ಉಂಡೇನಿ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಆಯ್ಕೆಯಾದವನು ಕಲಬುರ್ಗಿ ತಂಡದ ಒಬ್ಬ ಹುಡುಗ. ತುಪ್ಪ, ಬೂಟಿನ ಮಾತು ಬಂದದ್ದರಿಂದ ನಮ್ಮ ತಂಡದಲ್ಲಿ ಉಳಿದವರ ಹೆಸರೂ ಬಿದ್ದುಹೋಯಿತು. ಅಧಿಕಾರಿ ಮರುದಿನದ ಬಸ್ಸಿಗೆ ಹೋದರು. ಹೋಗುವ ಮುಂಚೆ ಮಾಸ್ತರರ ಕೈ ಹಿಡಿದು, ಹುಡುಗ ಬಹಳ ಛಲೋ ಆಡತಾನ ಎಂದರಂತೆ.

ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ನಾವು ಮೂವರೇ ಇದ್ದೆವು. ಮಾಸ್ತರರು ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಯಾಕೋ? ಒಂದು ಮಾತು. ಇಲ್ಲ ಅನ್ಲಿಕ್ಕೆ ಏನಾಗಿತ್ತು?"

ದಾನಪ್ಪ ಸ್ವಲ್ಪ ದೂರ ಕುಂಟುತ್ತ ನಡೆದ.

"ನಮ್ಮಜ್ಜ ಹಲಗಿ ಬಾರಸ್ತಿದ್ನರಿ. ಡಾಬಕಾದಾಗ. ಗೌಡರ ಹೆಸರು, ಸಾವಕಾರರ ಹೆಸರು, ಪೈಲ್ವಾನರ ಹೆಸರು, ಎಲ್ಲಾರದೂ ಕೂಗ್ತಿದ್ದ. ನಮ್ಮ ಮನ್ಯಾಗ ಒಬ್ರ ಹೆಸರಿನ ಮ್ಯಾಲೂ ಯಾರೂ ಹಲಗಿ ಬಡದಿದ್ದಿಲ್ಲ. ಇವತ್ತು ಬಡದ್ರು. ಆಮ್ಯಾಲ ನಾ ಹ್ಯಾಂಗ ಇಲ್ಲ ಅನ್ಲಿರಿ?"

ಮಾಸ್ತರರು ನಿಂತರು. ನಾವೂ ನಿಂತೆವು. ಮತ್ತೆ ನಡೆದೆವು. ನನಗೆ ದುಃಖವಾಯಿತೆಂದು ಬರೆದರೆ ಅದು ನಿಜವಾಗುವುದಿಲ್ಲ. ಸಿಟ್ಟೂ ಬರಲಿಲ್ಲ. ಕಾಲು ಚಳಿಗೆ ಜೋಮು ಹಿಡಿದ ಹಾಗೆ ಇತ್ತು. ನಡೆಯಲು ಬರುತ್ತದೆ, ನೆಲ ತಿಳಿಯುವುದಿಲ್ಲ.

ಪರೀಕ್ಷೆಯವರೆಗೆ ದಾನಪ್ಪ ಬೆಳಿಗ್ಗೆ ಕೊಟ್ಟಿಗೆಗೆ ಹೋದ, ಹಾಲು ಹಿಂಡಿದ, ಕುಡಿದ. ಮೈದಾನಕ್ಕೆ ಬರಲಿಲ್ಲ. ಬಾದಾಮಿ ಅರೆಯುವುದು ನಿಂತಿತ್ತು. ಆ ಚೀಲ ಹಾಗೇ ಕಟ್ಟಿದ್ದು ಹಾಗೇ ಇತ್ತು. ಸಾವಕಾರರ ವ್ಯಾಪಾರವೂ ಆ ಚಳಿಗಾಲದಲ್ಲೇ ಇಳಿಯಿತು. ಉದಗೀರದ ದಾರಿಗೂ ಹೈದರಾಬಾದಿನ ದಾರಿಗೂ ಹೊಸ ರಾಜ್ಯದ ನಾಕಾ ಬಂದವು. ಗಾಡಿಗಳು ತೊಗರಿ ಹೊತ್ತು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಬೆಲ್ಲದ ವ್ಯಾಪಾರಿಯ ತುಪ್ಪ ನಿಂತಿತು. ಹೆಸರು ಹೇಳಿಸುವಂತಿಲ್ಲದ ಖುರಾಕಿಯನ್ನು ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಮುಂದಿನ ವರ್ಷ ಕಾಲೇಜಿಗೆ ಸರ್ಕಾರದಿಂದ ವಾಲಿಬಾಲಿನ ಬಲೆ ಬಂತೆಂದು ಕೇಳಿದೆ. ಖಾಸಿಂ ಮಾಸ್ತರರು ಕನ್ನಡದ ಪರೀಕ್ಷೆಗೆ ಕೂರದೆ ಹೈದರಾಬಾದಿನ ತಮ್ಮನ ಮನೆಗೆ ಹೋದರು.

ಪರೀಕ್ಷೆ ಮುಗಿದ ಮರುದಿನ ದಾನಪ್ಪ ಎಮ್ಮೆ ಬಿಚ್ಚಲು ಹೋದ. ಕೊಟ್ಟ ಖುರಾಕಿಯನ್ನು ತಿರುಗಿ ತೆಗೆದುಕೊಳ್ಳುವಂತಿಲ್ಲ, ಒಯ್ಯಿ ಎಂದು ಸಾವಕಾರರೇ ಹೇಳಿ ಕಳಿಸಿದ್ದರು. ಬಿಸಿಲು ಏರುವ ಮುಂಚೆ ಹೊರಡಬೇಕೆಂದು ನಾವು ಬೇಗ ಹೋಗಿದ್ದೆವು. ಸಾವಕಾರರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ರುಮಾಲು ಇರಲಿಲ್ಲ. ರುಮಾಲಿಲ್ಲದ ಅವರ ತಲೆ ಚಿಕ್ಕದಾಗಿ ಕಂಡಿತು. ಹಗ್ಗವನ್ನು ದಾನಪ್ಪನ ಕೈಗೆ ತಾವೇ ಕೊಟ್ಟರು. ಕೊಡುವಾಗ ಹೇಳಿದರು:

"ಅವತ್ತು ವರಾಂಡದಾಗ ಆ ಮಾತು ನನ್ನ ಬಾಯಾಗ ಬಂದಿತ್ತು."

"ಗೊತ್ತರಿ," ಎಂದ ದಾನಪ್ಪ.

ಲೋಟವನ್ನು ಮೊಳೆಯಿಂದ ತೆಗೆದು ಬಗಲಿನ ಚೀಲಕ್ಕೆ ಹಾಕಿಕೊಂಡ. ಔರಾದ ರಸ್ತೆಯಲ್ಲಿ ಊರ ಹೊರಗಿನ ಬಾವಿಯವರೆಗೆ ನಾನು ಹೋದೆ. ಎಮ್ಮೆ ನಿಧಾನ ನಡೆಯುತ್ತಿತ್ತು. ದಾರಿಗುಂಟ ಅವನು ಹೇಳಿದ್ದು ಎಮ್ಮೆಯ ವಿಷಯ: ಇದಕ್ಕೆ ಬಿಸಿಲು ತಡೆಯುವುದಿಲ್ಲ, ನಡುವೆ ಎಲ್ಲಿಯಾದರೂ ಕೆರೆಗೆ ಇಳಿಸಬೇಕು. ಬಾವಿಯ ಹತ್ತಿರ, "ಸಾಕು, ನೀ ಹೋಗು ಭಾಲ್ಕಿ" ಎಂದ. ನಾನು ತಿರುಗಿ ಬಂದೆ. ಇಬ್ಬರೂ ಪಾಸಾಗಿದ್ದೆವು. ಅದು ಗೊತ್ತಾದದ್ದು ಆಮೇಲೆ.

ನಾನು ಧಾರವಾಡದಲ್ಲಿ ಓದಿದೆ. ತಂದೆ ಫೀಸು ಕಟ್ಟಿದರು. ಆಮೇಲೆ ಪತ್ರಿಕೆ ಸೇರಿದೆ. ದಾನಪ್ಪನನ್ನು ಮತ್ತೆ ನೋಡಿದ್ದು ಒಂದೇ ಸಲ. ಇಬ್ಬರ ಕೂದಲೂ ಅರ್ಧ ಬೆಳ್ಳಗಾಗಿತ್ತು. ಸುದ್ದಿಯ ಕೆಲಸಕ್ಕೆ ಔರಾದಿಗೆ ಹೋಗಿದ್ದೆ. ತಿರುಗಿ ಬರುವ ಬಸ್ಸು ಕೆಟ್ಟು ನಿಂತಿತ್ತು. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನು ಹೋಟೆಲಿನ ಮುಂದೆ ಇಳಿದು, ನನ್ನನ್ನು ನೋಡಿ, ಮೊದಲು ಕ್ಯಾನು ಇಳಿಸಿದ. ಆಮೇಲೆ ಬಂದ.

"ಇನ್ನೂ ಹಿಂದಿಂದೇ ಚೆಂಡು ಕೊಡ್ತೀಯೇನು, ಭಾಲ್ಕಿ?"

ಅವನ ಮಗ ಕಮಲನಗರದಲ್ಲಿ ಸಾಲಿ ಮಾಸ್ತರ, ಮಗಳು ನರ್ಸು. ಕೊಟ್ಟಿಗೆಯಲ್ಲಿ ಇರುವುದೆಲ್ಲ ಆ ಎಮ್ಮೆಯ ವಂಶ. ಹೋಟೆಲಿನಿಂದ ಒಂದು ಗ್ಲಾಸು ತರಿಸಿ ಕ್ಯಾನಿನಿಂದ ಹಾಲು ಸುರಿದು ನನ್ನ ಕೈಗೆ ಕೊಟ್ಟ. ನಾನು ಜೇಬಿಗೆ ಕೈ ಹಾಕಿದೆ.

"ಇಡಪ, ಇಡು. ಖುರಾಕಿ ಅಂತ ತಿಳ್ಕೋ."

"ಹಂಗಾದ್ರ ಹಲಗಿ ಎಲ್ಲಿ?"

"ಲಾಡಲೇಸಾಬ ಸತ್ತು ಭಾಳ ವರ್ಷ ಆತು," ಎಂದು ದಾನಪ್ಪ ನಕ್ಕ. ಬಸ್ಸು ರಿಪೇರಿಯಾಯಿತು. ನಾನು ಹತ್ತಿದೆ.

ಕೆಲವು ವರ್ಷಗಳ ಹಿಂದೆ ಅವನು ತೀರಿಕೊಂಡ. ಮಗ ಫೋನು ಮಾಡಿದ್ದ. ನನಗೆ ಹೋಗಲಾಗಲಿಲ್ಲ, ಆಮೇಲೆ ಹೋಗಿ ಮಾತಾಡಿಸಿ ಬಂದೆ. ಎಲ್ಲ ಸರಿಯಾಗಿ ಆಯಿತೇ ಎಂದು ಕೇಳಿದೆ. ಆಯಿತು ಎಂದ. ಪಾಸ್ಟರರು ಬಂದಿದ್ದರು, ಪ್ರಾರ್ಥನೆ ಆಯಿತು, ಜನ ಬಹಳ ಸೇರಿದ್ದರು. ಊರಿನವರು ಹಲಗೆ ತರುತ್ತೇವೆ ಎಂದರಂತೆ. ಅವರ ಸಭೆಯ ಪದ್ಧತಿಯಲ್ಲಿ ಮಣ್ಣು ಮಾಡುವಾಗ ಹಲಗೆ ಬಾರಿಸುವುದಿಲ್ಲ, ಮಗ ಬೇಡವೆಂದನಂತೆ.

ಹಾಗಾಗಿ ದಾನಪ್ಪನ ಹೆಸರಿನ ಮೇಲೆ ಹಲಗೆ ಬಡಿದದ್ದು ಆ ಒಂದು ಮಧ್ಯಾಹ್ನ ಮಾತ್ರ.